ಅತ್ತೆ ಕೊಟ್ಟ ನಾಟಿ ಟೊಮೆಟೊ ಬೀಜ: ತಾರಸಿಯಲ್ಲಿ ಬೆಳೆಸಿ ತಳಿ ಕೆಡದಂತೆ ಉಳಿಸಿಕೊಳ್ಳುವುದು ಹೇಗೆ?

ತಾರಸಿತೋಟ, ಮೈಸೂರು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪಿರಿಯಾಪಟ್ಟಣದ ಕಡೆಯ ಹಳ್ಳಿಯೊಂದರಲ್ಲಿರುವ ನನ್ನ ಸೋದರತ್ತೆ ತಮ್ಮ ಹಿತ್ತಲಿನಲ್ಲಿ ಬಹಳ ವರ್ಷಗಳಿಂದ ಒಂದೇ ಬಗೆಯ ಟೊಮೆಟೊ ಬೆಳೆಯುತ್ತ ಬಂದಿದ್ದಾರೆ. ಹಣ್ಣು ಚಪ್ಪಟೆಯಾಗಿದ್ದು, ತೊಟ್ಟಿನಿಂದ ಕೆಳಕ್ಕೆ ಆಳವಾದ ಗೀರುಗಳಿರುತ್ತವೆ. ಪೂರ್ತಿ ಕೆಂಪಾದ ಮೇಲೂ ತೊಟ್ಟಿನ ಸುತ್ತ ಒಂದಿಷ್ಟು ಹಸಿರು ಉಳಿದಿರುತ್ತದೆ. ಸಿಪ್ಪೆ ತೆಳು, ರಸ ಹೆಚ್ಚು, ಹುಳಿಯಂತೂ ಸಾರಿಗೆ ಹುಣಸೆಹಣ್ಣು ಬೇಡವೆನ್ನಿಸುವಷ್ಟು. ಕಿತ್ತ ಎರಡು ಮೂರು ದಿನಗಳಲ್ಲೇ ಮೆತ್ತಗಾಗುವುದರಿಂದ ಪೇಟೆಗೆ ಸಾಗಿಸಲು ಅದು ಒಗ್ಗುವುದಿಲ್ಲ, ಆದರೆ ಗೊಜ್ಜಿಗೆ ಅದನ್ನು ಮೀರಿಸುವ ಹಣ್ಣನ್ನು ನಾನು ಕಂಡಿಲ್ಲ. ಅತ್ತೆಗೆ ಈಗ ವಯಸ್ಸಾಗಿದ್ದು, ಹಿತ್ತಲ ಕೆಲಸ ಕೈಲಾಗುತ್ತಿಲ್ಲ. ಹಳೆಯ ಪಂಚೆಯ ತುಂಡಿನ ಮೇಲೆ ಒಣಗಿಸಿ ಬೂದಿ ಸವರಿಟ್ಟಿದ್ದ ಒಂದು ಹಿಡಿ ಬೀಜವನ್ನು ಈ ಬಾರಿ ನನಗೆ ಕೊಟ್ಟಿದ್ದಾರೆ.

ನಮ್ಮ ಮನೆಗೆ ಹಿತ್ತಲಿಲ್ಲ, ಬಿಸಿಲು ಚೆನ್ನಾಗಿ ಬೀಳುವ ತಾರಸಿ ಮಾತ್ರ ಇದೆ. ಕಳೆದ ಬೇಸಿಗೆಯಲ್ಲಿ ನರ್ಸರಿಯಿಂದ ತಂದ ಟೊಮೆಟೊ ಸಸಿಗಳೆಲ್ಲ ಎಲೆ ಮುದುಡಿಕೊಂಡು ಕುಬ್ಜವಾಗಿ ಹಾಳಾದವು. ಅದೇ ಗತಿ ಈ ಬೀಜಕ್ಕೂ ಬಂದರೆ ಮತ್ತೆ ಸಿಗುವಂಥದ್ದಲ್ಲವೆಂಬ ಭಯದಿಂದ ಇನ್ನೂ ಬಿತ್ತಿಲ್ಲ. ಯಾವ ತಿಂಗಳಲ್ಲಿ ಒಟ್ಲು (ಸಸಿಮಡಿ) ಬಿಡಬೇಕು, ಎಷ್ಟು ದೊಡ್ಡ ಕುಂಡ ಬೇಕು, ಎಲೆ ಮುದುಡುವ ರೋಗದಿಂದ ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ತಿಳಿದವರು ವಿವರಿಸಬೇಕಾಗಿ ಕೋರುತ್ತೇನೆ. ಪಕ್ಕದಲ್ಲೇ ಹೈಬ್ರಿಡ್ ಚೆರ್ರಿ ಟೊಮೆಟೊ ಕುಂಡಗಳಿವೆ. ಅವುಗಳೊಂದಿಗೆ ಬೆರಕೆಯಾಗಿ ತಳಿ ಕೆಡುವ ಸಂಭವವಿದೆಯೇ? ಇನ್ನೊಂದು ವಿಷಯ. ಅಮೆರಿಕದಲ್ಲಿರುವ ನನ್ನ ತಮ್ಮ ಅಲ್ಲಿನ ಪರಂಪರೆಯ ತಳಿಯಾದ ಬ್ರಾಂಡಿವೈನ್ ಟೊಮೆಟೊ ಬೀಜವನ್ನು ಮುಂದಿನ ಬಾರಿ ಬರುವಾಗ ತರುತ್ತೇನೆಂದು ಹೇಳುತ್ತಿದ್ದಾನೆ. ಎರಡನ್ನೂ ಒಟ್ಟಿಗೆ ಬೆಳೆಯಬಹುದೇ?

ಬಯಲುಸೀಮೆ ಬೇಸಾಯಗಾರ, ಚಿಂತಾಮಣಿ

ಮಾರುಕಟ್ಟೆಗೆಂದು ನಾನು ಬೆಳೆಯುವುದು ಹೈಬ್ರಿಡ್ ತಳಿಗಳನ್ನೇ. ಕೋಲಾರದ ಮಂಡಿಗೆ ಒಯ್ದ ಹಣ್ಣು ಕ್ರೇಟಿನಲ್ಲಿ ಕೂತು ದೂರದ ರಾಜ್ಯಗಳವರೆಗೆ ಪ್ರಯಾಣ ಮಾಡಬೇಕಾದ್ದರಿಂದ ಗಟ್ಟಿ ಸಿಪ್ಪೆಯಿಲ್ಲದೆ ನಡೆಯುವುದಿಲ್ಲ. ಮನೆಯ ಅಡುಗೆಗೆ ಮಾತ್ರ ಹಳೆಯ ಹುಳಿ ಟೊಮೆಟೊ ಸಾಲೊಂದನ್ನು ಪ್ರತಿವರ್ಷ ಇಟ್ಟುಕೊಳ್ಳುತ್ತೇವೆ. ಹಾಗಾಗಿ ನಿಮ್ಮ ಪ್ರಶ್ನೆಗೆ ಎರಡೂ ಕಡೆಯಿಂದ ಉತ್ತರಿಸಬಲ್ಲೆ.

ಮೊದಲು ಬೀಜಕ್ಕೆ ಜೀವ ಇದೆಯೇ ನೋಡಿಕೊಳ್ಳಿ. ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿನ ಜಾಗದಲ್ಲಿಟ್ಟರೆ ಒಂದು ವಾರದೊಳಗೆ ಮೊಳಕೆ ಕಾಣಿಸುತ್ತದೆ. ಏಳೆಂಟು ಮೊಳೆತರೆ ನಿಶ್ಚಿಂತೆಯಿಂದ ಬಿತ್ತಬಹುದು. ಎರಡು ಮೂರೇ ಮೊಳೆತರೆ ಬೀಜ ಹಳೆಯದೆಂದು ತಿಳಿದು ಸ್ವಲ್ಪ ಹೆಚ್ಚಾಗಿ ಬಿತ್ತಬೇಕಾಗುತ್ತದೆ. ಯಾವ ಕಾರಣಕ್ಕೂ ಇರುವ ಬೀಜವನ್ನೆಲ್ಲ ಒಂದೇ ಸಲಕ್ಕೆ ಬಿತ್ತಬೇಡಿ. ಅರ್ಧವನ್ನಾದರೂ ಗಾಳಿಯಾಡದ ಗಾಜಿನ ಶೀಶೆಯಲ್ಲಿ ತೆಗೆದಿಡಿ. ಚೆನ್ನಾಗಿ ಒಣಗಿ ತಂಪಾದ ಜಾಗದಲ್ಲಿರುವ ಟೊಮೆಟೊ ಬೀಜ ನಾಲ್ಕೈದು ವರ್ಷ ಮೊಳೆಯುವ ಶಕ್ತಿಯನ್ನು ಉಳಿಸಿಕೊಂಡಿರುತ್ತದೆ.

ಮೈಸೂರಿನಲ್ಲಿ ಬಿತ್ತನೆಗೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗಿನ ಅವಧಿಯೇ ಸರಿ. ಟೊಮೆಟೊ ಹೂವು ಕಾಯಿ ಕಚ್ಚಬೇಕಾದರೆ ರಾತ್ರಿಯ ಉಷ್ಣಾಂಶ ಸುಮಾರು 15ರಿಂದ 20 ಡಿಗ್ರಿ ಸೆಲ್ಸಿಯಸ್ ಇರಬೇಕು. ಹಗಲು 35 ಡಿಗ್ರಿ ದಾಟಿ ರಾತ್ರಿಯೂ ಬೆಚ್ಚಗಿದ್ದರೆ ಪರಾಗ ಕೆಲಸಕ್ಕೆ ಬಾರದೆ ಹೂವು ತೊಟ್ಟಿನ ಗಂಟಿನಲ್ಲೇ ಉದುರುತ್ತದೆ. ಅಕ್ಟೋಬರಿನ ಸಸಿಗಳು ಡಿಸೆಂಬರ್‌ನ ಚಳಿಯಲ್ಲಿ ಹೂ ಬಿಡುವುದರಿಂದ ಆ ತೊಂದರೆ ಇರುವುದಿಲ್ಲ. ಅಷ್ಟೇ ಮುಖ್ಯವಾದ ಇನ್ನೊಂದು ಕಾರಣವೆಂದರೆ, ಎಲೆ ಮುದುಡು ರೋಗವನ್ನು ಹರಡುವ ಬಿಳಿ ನೊಣ ಆ ದಿನಗಳಲ್ಲಿ ಬೇಸಿಗೆಯಷ್ಟು ಇರುವುದಿಲ್ಲ. ಈ ರೋಗದ ವೈರಸ್ ಬಗೆಯೊಂದಕ್ಕೆ ನಮ್ಮ ಬೆಂಗಳೂರಿನ ಹೆಸರನ್ನೇ ಇಟ್ಟಿದ್ದಾರೆ ಎಂದರೆ ಇಲ್ಲಿ ಅದರ ಹಾವಳಿ ಎಷ್ಟೆಂದು ಊಹಿಸಬಹುದು. ಹಳೆಯ ತಳಿಗಳಿಗೆ ಅದನ್ನು ತಡೆದುಕೊಳ್ಳುವ ಶಕ್ತಿ ಸಾಮಾನ್ಯವಾಗಿ ಇಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುದುಡು, ದುಂಡಾಣು ಸೊರಗು ಮತ್ತು ಅಂಗಮಾರಿ ಎಂಬ ಮೂರೂ ರೋಗಗಳನ್ನು ತಡೆಯಬಲ್ಲದು, ಆದರೆ ಅದು ಹೈಬ್ರಿಡ್, ಅಂದರೆ ಎರಡು ತಳಿಗಳ ಸಂಕರ. ಅದರ ಬೀಜದಿಂದ ಬರುವ ಗಿಡಗಳು ತಾಯಿಯಂತೆ ಇರದ ಕಾರಣ ಬೀಜ ಉಳಿಸಿಕೊಂಡು ಪ್ರಯೋಜನವಿಲ್ಲ.

ಗಿಡ ಎಳೆಯದಿದ್ದಷ್ಟೂ ಈ ರೋಗದ ಪೆಟ್ಟು ಹೆಚ್ಚು. ಮೊದಲ ಒಂದು ತಿಂಗಳಲ್ಲಿ ವೈರಸ್ ತಗಲಿದ ಗಿಡ ಕಾಯಿ ಬಿಡುವುದೇ ಇಲ್ಲವೆನ್ನಬಹುದು. ಕಾಯಿ ಕಚ್ಚಿದ ಮೇಲೆ ತಗಲಿದರೆ ಒಂದಿಷ್ಟು ಫಸಲಾದರೂ ಕೈಗೆ ಬರುತ್ತದೆ. ಆದ್ದರಿಂದ ಔಷಧಿಗಿಂತ ಪರದೆಯನ್ನು ನಂಬಿ. ಪ್ರೋಟ್ರೇಯಲ್ಲಿ (ಸಸಿ ಬೆಳೆಸುವ ಗುಳಿಗಳಿರುವ ತಟ್ಟೆ) ತೆಂಗಿನ ನಾರಿನ ಪುಡಿ ಮತ್ತು ಎರೆಹುಳು ಗೊಬ್ಬರ ಬೆರೆಸಿ ತುಂಬಿ, ಅರ್ಧ ಸೆಂಟಿಮೀಟರ್ ಆಳಕ್ಕೆ ಬೀಜ ಇಟ್ಟು, ಬಿತ್ತಿದ ದಿನದಿಂದಲೇ ಒತ್ತಾದ ಕಣ್ಣಿನ ನೈಲಾನ್ ಪರದೆಯನ್ನು ಗೂಡಿನಂತೆ ಮುಚ್ಚಿ. ಸಾಮಾನ್ಯ ಸೊಳ್ಳೆಪರದೆಯ ಕಣ್ಣಿನಲ್ಲಿ ಬಿಳಿ ನೊಣ ಸರಾಗವಾಗಿ ತೂರುತ್ತದೆ. ಅಂಗಡಿಯಲ್ಲಿ 40 ಅಥವಾ 50 ಮೆಶ್ (ಅಂಗುಲಕ್ಕೆ ಅಷ್ಟು ಕಣ್ಣಿನದು) ಎಂದು ಕೇಳಿ ತನ್ನಿ. ಎಲೆಯ ಅಡಿಭಾಗವನ್ನು ಬೆಳಗ್ಗೆ ಮಗುಚಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಕುಂಡಗಳ ನಡುವೆ ಹಳದಿ ಅಂಟುಪಟ್ಟಿ ತೂಗುಹಾಕಿದರೆ ನೊಣ ಬಂದದ್ದು ಮೊದಲೇ ತಿಳಿಯುತ್ತದೆ. ಕುಡಿಯೆಲೆ ಬಟ್ಟಲಿನಂತೆ ಮೇಲಕ್ಕೆ ಮಡಚಿ ಅಂಚು ಹಳದಿಯಾದ ಗಿಡ ಕಂಡರೆ ಮಮಕಾರ ಬಿಟ್ಟು ಅಂದೇ ಕಿತ್ತು ಚೀಲದೊಳಗೆ ಹಾಕಿ ಹೊರಗೆ ಕಳಿಸಿಬಿಡಿ.

ಬಿತ್ತಿದ 25ರಿಂದ 30 ದಿನಗಳಲ್ಲಿ ಸಸಿ ನಾಟಿಗೆ ಸಿದ್ಧವಾಗುತ್ತದೆ. ನೆಡುವಾಗ ಬೀಜದೆಲೆಗಳವರೆಗೆ ಕಾಂಡವನ್ನು ಮಣ್ಣಿನಲ್ಲಿ ಹೂಳಿ, ಏಕೆಂದರೆ ಹೂತ ಕಾಂಡದಿಂದಲೂ ಬೇರು ಒಡೆಯುತ್ತದೆ. ಇಂಥ ಹಳೆಯ ತಳಿಗಳಲ್ಲಿ ಹೆಚ್ಚಿನವು ಬಳ್ಳಿಯಂತೆ ಎತ್ತರಕ್ಕೆ ಹೋಗುವಂಥವು. ಆದ್ದರಿಂದ 20ರಿಂದ 25 ಲೀಟರ್ ಹಿಡಿಯುವ ಚೀಲ ಅಥವಾ ಕುಂಡಕ್ಕೆ ಒಂದೇ ಗಿಡವಿರಲಿ, ಊರುಗೋಲನ್ನು ನೆಡುವ ದಿನವೇ ಚುಚ್ಚಿಬಿಡಿ. ನೀರು ಒಂದು ದಿನ ಹೆಚ್ಚು, ಒಂದು ದಿನ ಇಲ್ಲ ಎಂದಾಗಬಾರದು. ಕಾಯಿಯ ತುದಿ ಕಪ್ಪಾಗಿ ಕುಳಿಬೀಳುವುದು ಸುಣ್ಣದ ಅಂಶ ಕಾಯಿಯವರೆಗೆ ತಲುಪದಿರುವುದರಿಂದ, ಮತ್ತು ಕುಂಡಗಳಲ್ಲಿ ಅದಕ್ಕೆ ಬಹುಪಾಲು ಕಾರಣ ನೀರಿನ ಏರುಪೇರೇ.

ಇನ್ನು ಬೆರಕೆಯ ವಿಷಯ. ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿದ್ದು, ಅದು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಆದರೂ ನಿಮ್ಮ ಗಿಡದ ಹೂವೊಂದನ್ನು ಕೈಯಲ್ಲಿ ಹಿಡಿದು ಹತ್ತಿರದಿಂದ ನೋಡಿ. ನಡುವಿನ ಹಳದಿ ಕೊಳವೆಯ ತುದಿಯೊಳಗೇ ಹಸಿರು ಶಲಾಕೆ (ಹೂವಿನ ಹೆಣ್ಣು ಭಾಗದ ಕಡ್ಡಿ) ಅಡಗಿದ್ದರೆ ಬೆರಕೆಯ ಭಯ ಕಡಿಮೆ. ಅದು ಕೊಳವೆಯಿಂದ ಹೊರಕ್ಕೆ ಇಣುಕುತ್ತಿದ್ದರೆ ದುಂಬಿಗಳು ಬೇರೆ ಗಿಡದ ಪರಾಗವನ್ನು ತಂದು ತಾಗಿಸಬಹುದು. ಚಪ್ಪಟೆಯಾದ, ಗೀರುಬಿದ್ದ ಹಣ್ಣಿನ ತಳಿಗಳಲ್ಲಿ ಹೀಗೆ ಹೊರಚಾಚಿರುವುದು ಹೆಚ್ಚು. ಬೀಜ ಪ್ರಮಾಣೀಕರಣದ ನಿಯಮದಂತೆ ಟೊಮೆಟೊ ಮೂಲಬೀಜದ ತಾಕಿಗೆ 50 ಮೀಟರ್ ಅಂತರ ಬೇಕು. ಅದು ತಾರಸಿಯಲ್ಲಿ ಆಗುವ ಮಾತಲ್ಲ. ಅದಕ್ಕೆ ಬದಲಾಗಿ, ಬೀಜಕ್ಕೆಂದು ಆರಿಸಿದ ಗೊಂಚಲಿಗೆ ಹೂ ಅರಳುವ ಮೊದಲೇ ತೆಳುಬಟ್ಟೆಯ ಚೀಲ ಕಟ್ಟಿ, ದಿನವೂ ಬೆಳಗ್ಗೆ ಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಪರಾಗ ಉದುರಲು ಅಷ್ಟು ಸಾಕು. ಗೋಲಿಗಾತ್ರದ ಕಾಯಿಯಾದೊಡನೆ ಚೀಲ ಬಿಚ್ಚಿ, ಆ ಗೊಂಚಲಿನ ತೊಟ್ಟಿಗೆ ಕೆಂಪು ದಾರ ಕಟ್ಟಿ ಗುರುತು ಮಾಡಿ.

ಇಷ್ಟೆಲ್ಲ ಹೇಳಿದ ಮೇಲೆ, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ನಮ್ಮಲ್ಲಿ ಬಹುತೇಕರು ಒಳ್ಳೆಯ ಹಣ್ಣುಗಳನ್ನೆಲ್ಲ ತಿಂದು ಮುಗಿಸಿ, ಕಡೆಗಾಲದಲ್ಲಿ ಗಿಡದಲ್ಲಿ ಉಳಿದ ನಾಲ್ಕು ಸಣ್ಣ ಹಣ್ಣುಗಳನ್ನು ಬೀಜಕ್ಕೆ ಬಿಡುತ್ತಾರೆ. ತಳಿ ಸೊರಗುವುದು ಬೆರಕೆಯಿಂದಲ್ಲ, ಹೆಚ್ಚಾಗಿ ಈ ಅಭ್ಯಾಸದಿಂದ. ಆರಿಸಬೇಕಾದದ್ದು ಹಣ್ಣನ್ನಲ್ಲ, ಗಿಡವನ್ನು. ಕನಿಷ್ಠ ಐದಾರು ಗಿಡ ಬೆಳೆಸಿ, ಯಾವುದು ನಿರೋಗಿಯಾಗಿ ನಿಂತು, ಅತ್ತೆಯವರ ಹಣ್ಣಿನ ಆಕಾರ ಮತ್ತು ಹುಳಿಯನ್ನು ಹಾಗೆಯೇ ಕೊಡುತ್ತದೆಯೋ ಅಂಥ ಎರಡು ಮೂರು ಗಿಡಗಳ ಎರಡನೆಯ, ಮೂರನೆಯ ಗೊಂಚಲಿನಿಂದ ಬೀಜ ತೆಗೆದುಕೊಳ್ಳಿ. ಒಂದು ಗಿಡದ ಬುಡದಲ್ಲಿ ದೊಡ್ಡ ಹಣ್ಣೊಂದು ಬಿಟ್ಟಿತೆಂದು ಅದನ್ನೇ ಹಿಡಿದುಕೊಂಡರೆ, ಆ ಗಾತ್ರ ಕುಂಡದ ಗೊಬ್ಬರದ್ದಿರಬಹುದೇ ಹೊರತು ಬೀಜದ್ದಲ್ಲ.

ಹಿತ್ತಿಲು ಗದ್ದೆ, ಪುತ್ತೂರು

ಮೇಲಿನ ಉತ್ತರ ಬಯಲುಸೀಮೆಗೆ ಸಂಪೂರ್ಣವಾಗಿ ಒಪ್ಪುತ್ತದೆ. ಕರಾವಳಿ ಮತ್ತು ಮಲೆನಾಡಿನವರು ಇದನ್ನು ಓದುತ್ತಿದ್ದರೆ ಅವರಿಗಾಗಿ ಒಂದು ವಿಷಯವನ್ನು ಸೇರಿಸುತ್ತೇನೆ, ಏಕೆಂದರೆ ನಮ್ಮ ಕಡೆ ಟೊಮೆಟೊವನ್ನು ಕೊಲ್ಲುವುದು ಎಲೆ ಮುದುಡು ರೋಗಕ್ಕಿಂತ ಹೆಚ್ಚಾಗಿ ಸೊರಗು ರೋಗ.

ಬೆಳಗ್ಗೆ ಹಸಿರಾಗಿ ನಳನಳಿಸುತ್ತಿದ್ದ ಗಿಡ ಮಧ್ಯಾಹ್ನಕ್ಕೆ ಬಾಡಿ, ಸಂಜೆ ಚೇತರಿಸಿಕೊಂಡಂತೆ ಕಂಡು, ಎರಡು ಮೂರು ದಿನಗಳಲ್ಲಿ ಎಲೆ ಹಳದಿಯಾಗುವ ಮೊದಲೇ ಸತ್ತುಹೋಗುತ್ತದೆ. ನೀರು ಸಾಲಲಿಲ್ಲವೆಂದು ತಿಳಿದು ಮತ್ತಷ್ಟು ನೀರು ಹೊಯ್ಯುವವರೇ ಹೆಚ್ಚು. ಖಚಿತಪಡಿಸಿಕೊಳ್ಳಲು ಸುಲಭದ ದಾರಿಯಿದೆ. ಬಾಡಿದ ಗಿಡದ ಬುಡದ ಕಾಂಡವನ್ನು ಒಂದು ಗೇಣಿನಷ್ಟು ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ದುಂಡಾಣು ಸೊರಗು ರೋಗವಾಗಿದ್ದರೆ ಕೆಲವೇ ನಿಮಿಷಗಳಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ಎಳೆ ನೀರಿನೊಳಕ್ಕೆ ಇಳಿಯುವುದು ಕಣ್ಣಿಗೆ ಕಾಣುತ್ತದೆ. ಈ ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಅದೇ ಜಾಗದಲ್ಲಿ ಟೊಮೆಟೊ, ಬದನೆ, ಮೆಣಸಿನಕಾಯಿ, ಆಲೂಗಡ್ಡೆ ಯಾವುದನ್ನೂ ಹಾಕುವಂತಿಲ್ಲ.

ಹಳೆಯ ತಳಿಯನ್ನು ಇಂಥ ಮಣ್ಣಿನಲ್ಲಿ ಬೆಳೆಯಲೇಬೇಕೆಂದರೆ ಕಸಿ ಕಟ್ಟುವುದು ಒಂದು ದಾರಿ. ಸುಂಡೆಕಾಯಿ ಅಥವಾ ಸೊರಗು ರೋಗ ತಡೆಯುವ ಬದನೆಯ ಸಸಿಯನ್ನು ಬೇರುಗಿಡವಾಗಿ ಬಳಸಿ, ಪೆನ್ಸಿಲ್‌ಗಿಂತ ತೆಳುವಾದ ಕಾಂಡಗಳನ್ನು ಓರೆಯಾಗಿ ಕತ್ತರಿಸಿ ಜೋಡಿಸಿ ಸಣ್ಣ ಕ್ಲಿಪ್ ಹಾಕಿ, ಒಂದು ವಾರ ನೆರಳಿನಲ್ಲಿ ತೇವ ಆರದಂತೆ ಮುಚ್ಚಿಡಬೇಕು. ಸುಂಡೆ ನಿಧಾನವಾಗಿ ಬೆಳೆಯುವುದರಿಂದ ಅದನ್ನು ಟೊಮೆಟೊಗಿಂತ ಸಾಕಷ್ಟು ಮೊದಲೇ ಬಿತ್ತಬೇಕಾಗುತ್ತದೆ. ಕಸಿ ಗಿಡವನ್ನು ನೆಡುವಾಗ ಮಾತ್ರ ಚಿಂತಾಮಣಿಯವರು ಹೇಳಿದಂತೆ ಕಾಂಡ ಹೂಳಬಾರದು. ಕಸಿಗಂಟು ಮಣ್ಣಿಗೆ ತಾಗಿದರೆ ಟೊಮೆಟೊ ಕಾಂಡವೇ ಬೇರು ಬಿಟ್ಟು ರೋಗವನ್ನು ಬರಮಾಡಿಕೊಳ್ಳುತ್ತದೆ. ಬೇರು ಬದನೆಯದಾದರೂ ಹಣ್ಣು ಮತ್ತು ಬೀಜ ನಿಮ್ಮ ತಳಿಯದೇ ಆಗಿರುತ್ತದೆ. ಇಷ್ಟು ಕಷ್ಟ ಬೇಡವೆನ್ನುವವರು ಹೊಸ ಮಣ್ಣು ತುಂಬಿದ ಚೀಲವನ್ನು ನೆಲಕ್ಕೆ ತಾಗದಂತೆ ಇಟ್ಟಿಗೆಗಳ ಮೇಲಿಟ್ಟು ಬೆಳೆಯುವುದೇ ಮೇಲು.

ಬೀಜದ ಗಂಟು, ಧಾರವಾಡ

ಒಂದು ಸಂಶಯವನ್ನು ಎತ್ತಲೇಬೇಕಾಗಿದೆ, ದಯವಿಟ್ಟು ಅನ್ಯಥಾ ಭಾವಿಸಬೇಡಿ. ನಾಟಿ, ಜವಾರಿ ಎಂದು ಇಂದು ಸಂತೆಯಲ್ಲಿ ಸಿಗುವ ಹುಳಿ ಟೊಮೆಟೊಗಳೆಲ್ಲ ಹಳೆಯ ತಳಿಗಳಲ್ಲ. ಆಕಾರ ಮತ್ತು ರುಚಿಯಲ್ಲಿ ಹಾಗೆಯೇ ಇರುವ ಹೈಬ್ರಿಡ್‌ಗಳೂ ಇವೆ. ಸಂಶೋಧನಾ ಕೇಂದ್ರಗಳು ಬಿಡುಗಡೆ ಮಾಡಿದ, ಬೀಜ ಉಳಿಸಿಕೊಳ್ಳಬಹುದಾದ ಸುಧಾರಿತ ತಳಿಗಳೂ ಇವೆ. ತಮಿಳುನಾಡಿನ ಪೆರಿಯಕುಳಂನಿಂದ ಬಂದ ಪಿಕೆಎಂ 1 ತಳಿಯ ಹಣ್ಣೂ ನೀವು ವರ್ಣಿಸಿದಂತೆ ತುಸು ಚಪ್ಪಟೆಯಾಗಿದ್ದು ತೊಟ್ಟಿನ ಬಳಿ ಹಸಿರಾಗಿರುತ್ತದೆ. ಅತ್ತೆಯವರು ಮಧ್ಯೆ ಎಂದಾದರೂ ಪೇಟೆಯಿಂದ ಸಸಿ ಅಥವಾ ಬೀಜ ತಂದು ಸೇರಿಸಿದ್ದಾರೆಯೇ ಎಂದು ಕೇಳಿ ತಿಳಿದುಕೊಳ್ಳಿ. ಅವರಿಗೆ ನೆನಪಿಲ್ಲದಿದ್ದರೆ ಗಿಡಗಳೇ ಹೇಳುತ್ತವೆ. ಹತ್ತು ಗಿಡಗಳಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಗೆಯ ಎಲೆ, ಹಣ್ಣು ಕೊಟ್ಟರೆ ಅದು ನೆಲೆನಿಂತ ತಳಿ. ಒಂದರಲ್ಲಿ ಗುಂಡನೆಯ ಹಣ್ಣು, ಇನ್ನೊಂದರಲ್ಲಿ ಉದ್ದನೆಯದು, ಮತ್ತೊಂದರಲ್ಲಿ ಸಿಹಿ ಎಂದು ಚೆದುರಿದರೆ ಎಲ್ಲೋ ಬೆರಕೆಯಾಗಿದೆಯೆಂದು ಅರ್ಥ. ಹಾಗಾಗಿದ್ದರೂ ಎಸೆಯಬೇಕಾಗಿಲ್ಲ, ಬೇಕಾದ ಬಗೆಯ ಗಿಡದಿಂದ ಮಾತ್ರ ವರ್ಷವರ್ಷವೂ ಬೀಜ ತೆಗೆಯುತ್ತ ಹೋದರೆ ಆರೇಳು ತಲೆಮಾರುಗಳಲ್ಲಿ ಅದು ಮತ್ತೆ ಒಂದೇ ರೂಪಕ್ಕೆ ಬರುತ್ತದೆ.

ಹಾಗೆಯೇ, ಹಳೆಯ ತಳಿ ಸಿಗದವರು ಅರ್ಕಾ ವಿಕಾಸ್, ಪೂಸಾ ರೂಬಿ ಮುಂತಾದ ಹೈಬ್ರಿಡ್ ಅಲ್ಲದ ತಳಿಗಳಿಂದ ಬೀಜ ಉಳಿಸುವುದನ್ನು ಅಭ್ಯಾಸ ಮಾಡಬಹುದು. ಪರಂಪರೆಯದೆಂಬ ಹೆಸರು ಅವಕ್ಕಿಲ್ಲದಿರಬಹುದು, ಆದರೆ ತಾಯಿಯ ಗುಣವನ್ನೇ ಮರಿಯೂ ತೋರಿಸುತ್ತದೆ. ದೇಸಿ ಬೀಜ ಬೇಕಾದವರು ಸಹಜ ಸಮೃದ್ಧದಂಥ ಸಂಸ್ಥೆಗಳು ನಡೆಸುವ ಬೀಜ ಮೇಳಗಳಿಗೆ ಹೋಗಿ, ಬೆಳೆದವರನ್ನೇ ಕಂಡು ವಿಚಾರಿಸಿ ತರುವುದು ಒಳ್ಳೆಯದು. ಬಣ್ಣಬಣ್ಣದ ಚಿತ್ರವಿರುವ ಪೊಟ್ಟಣಗಳನ್ನು ನೋಡಿ ಮರುಳಾಗುವುದು ನನಗಂತೂ ಸರಿಕಾಣುವುದಿಲ್ಲ.

ಕನ್ನಡತಿ, ನ್ಯೂಜೆರ್ಸಿ

ನಿಮ್ಮ ತಮ್ಮನವರ ಬೀಜದ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ. ದಯವಿಟ್ಟು ತರಿಸಬೇಡಿ. ಭಾರತಕ್ಕೆ ಬಿತ್ತನೆ ಬೀಜ ತರಲು 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿ ಮತ್ತು ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸೂಟ್‌ಕೇಸಿನಲ್ಲಿ ಸದ್ದಿಲ್ಲದೆ ಬರುವ ಪೊಟ್ಟಣಕ್ಕೆ ಇವೆರಡೂ ಇರುವುದಿಲ್ಲ. ಇದು ಬರಿಯ ಕಾಗದಪತ್ರದ ತಕರಾರಲ್ಲ. 2014ರಲ್ಲಿ ಇಸ್ರೇಲಿನಲ್ಲಿ ಕಾಣಿಸಿಕೊಂಡ ಟೊಮೆಟೊ ಬ್ರೌನ್ ರುಗೋಸ್ ಫ್ರೂಟ್ ವೈರಸ್ ಕೆಲವೇ ವರ್ಷಗಳಲ್ಲಿ ಹಲವು ಖಂಡಗಳಿಗೆ ಹರಡಿದ್ದರಲ್ಲಿ ಬೀಜದ ಪಾತ್ರ ದೊಡ್ಡದು. ಅದು ಬೀಜದ ಸಿಪ್ಪೆಗೆ ಅಂಟಿಕೊಂಡು ಬಂದು, ಆಮೇಲೆ ಕೈ, ಕತ್ತರಿ, ಬಟ್ಟೆಗಳ ಮೂಲಕ ಗಿಡದಿಂದ ಗಿಡಕ್ಕೆ ದಾಟುತ್ತದೆ. ಅತ್ತೆಯವರ ಗಿಡದ ಪಕ್ಕದಲ್ಲಿ ಅಂಥದ್ದೊಂದನ್ನು ತಂದಿಡುವ ಅಪಾಯ ಏಕೆ?

ಬ್ರಾಂಡಿವೈನ್ ಒಳ್ಳೆಯ ಹಣ್ಣು, ಅದರಲ್ಲಿ ಎರಡು ಮಾತಿಲ್ಲ. ಆಲೂಗಡ್ಡೆ ಗಿಡದಂಥ ಅಗಲವಾದ ಎಲೆ, ನಸುಗೆಂಪು ಬಣ್ಣ, ಅಂಗೈ ತುಂಬುವ ಗಾತ್ರ. ಆದರೆ ನಾಟಿಯಾದ ಮೇಲೆ ಹಣ್ಣಿಗೆ ಸುಮಾರು ಮೂರು ತಿಂಗಳು ಕಾಯಬೇಕು, ಗಿಡವೊಂದಕ್ಕೆ ಸಿಗುವ ಹಣ್ಣು ಕಡಿಮೆ, ಮತ್ತು ಸಾರಿಗೆ ಬೇಕಾದ ಹುಳಿ ಅದರಲ್ಲಿ ಇಲ್ಲ. ಇಲ್ಲಿ ನಾವು ಮಾರ್ಚ್ ಕೊನೆಗೆ ಮನೆಯೊಳಗೆ ದೀಪದ ಬೆಳಕಿನಲ್ಲಿ ಬಿತ್ತಿ, ಮೇ ನಡುವಿನಲ್ಲಿ ಹಿಮ ಬೀಳುವ ಭಯ ಕಳೆದ ಮೇಲೆ ಹೊರಗೆ ನೆಡುತ್ತೇವೆ. ಒಂದೇ ಬೇಸಿಗೆಯೊಳಗೆ ಎಲ್ಲವೂ ಮುಗಿಯಬೇಕು. ಮೈಸೂರಿನ ಚಳಿಗಾಲ ನಮಗೆ ಸಿಕ್ಕಿದ್ದರೆ ನಾವು ಧನ್ಯರು ಎಂದುಕೊಳ್ಳುತ್ತಿದ್ದೆವು.

ಚಿಂತಾಮಣಿಯವರು ಗಿಡವನ್ನು ಆರಿಸಿ ಎಂದು ಹೇಳಿದ್ದಕ್ಕೆ ನಮ್ಮ ರಾಜ್ಯದ್ದೇ ಒಂದು ಸಾಕ್ಷ್ಯವಿದೆ. ಇಲ್ಲಿನ ರಟ್ಗರ್ಸ್ ವಿಶ್ವವಿದ್ಯಾಲಯ 1934ರಲ್ಲಿ ತನ್ನ ಹೆಸರಿನ ಟೊಮೆಟೊ ತಳಿಯೊಂದನ್ನು ಬಿಡುಗಡೆ ಮಾಡಿತು. ಹೈಬ್ರಿಡ್ ಅಲ್ಲದ ಅದನ್ನು ಯಾರು ಬೇಕಾದರೂ ಬೀಜಕ್ಕೆ ಬೆಳೆಯಬಹುದಾಗಿತ್ತು, ಹಾಗೆ ಬೆಳೆದರು ಕೂಡ. ಕಾಲಕ್ರಮದಲ್ಲಿ ಅದೇ ಹೆಸರಿನಲ್ಲಿ ಮಾರಾಟವಾಗುತ್ತಿದ್ದ ಬೀಜ ಮೂಲದ ಹಣ್ಣಿನಂತೆ ಇರಲಿಲ್ಲ. ಕಡೆಗೆ ಕ್ಯಾಂಪ್‌ಬೆಲ್ ಸೂಪ್ ಕಂಪನಿ ಉಳಿಸಿಕೊಂಡಿದ್ದ ಮೂಲ ಪೋಷಕ ತಳಿಗಳನ್ನು ಪಡೆದು, ಮತ್ತೆ ಸಂಕರ ಮಾಡಿ, ವರ್ಷಗಟ್ಟಲೆ ಆಯ್ಕೆ ನಡೆಸಿ, ವಿಶ್ವವಿದ್ಯಾಲಯದ 250ನೇ ವರ್ಷವಾದ 2016ರಲ್ಲಿ ರಟ್ಗರ್ಸ್ 250 ಎಂಬ ಹೆಸರಿನಿಂದ ಹೊರತಂದರು. ಅತ್ತೆಯವರ ಟೊಮೆಟೊಗೆ ಅಂಥ ಉಗ್ರಾಣ ಎಲ್ಲೂ ಇಲ್ಲ.

ತಾರಸಿತೋಟ, ಮೈಸೂರು

ಎಲ್ಲರಿಗೂ ಕೃತಜ್ಞತೆಗಳು. ಅತ್ತೆಗೆ ಫೋನ್ ಮಾಡಿ ಕೇಳಿದೆ. ಅವರ ಓರಗಿತ್ತಿಯ ತವರಿನಿಂದ ಬಂದ ಬೀಜವೆಂದೂ, ಪೇಟೆಯ ಸಸಿಯನ್ನು ಹಿತ್ತಲಿಗೆ ತಂದದ್ದೇ ಇಲ್ಲವೆಂದೂ ಹೇಳಿದರು. ತಮ್ಮನಿಗೆ ಬೀಜ ಬೇಡವೆಂದು ತಿಳಿಸಿದ್ದೇನೆ, ಚೆರ್ರಿ ಕುಂಡಗಳನ್ನು ಕೆಳಗಿನ ಬಾಲ್ಕನಿಗೆ ಇಳಿಸುತ್ತೇನೆ. ಇನ್ನೊಂದೇ ಸಂದೇಹ: ಬೀಜವನ್ನು ತೊಳೆದು ಒಣಗಿಸಿದರೆ ಸಾಕೇ, ಅಥವಾ ಹುಳಿ ಬರಿಸಬೇಕೇ? ಅತ್ತೆ ಹಣ್ಣನ್ನು ನೇರವಾಗಿ ಬಟ್ಟೆಯ ಮೇಲೆ ಹಿಂಡುತ್ತಾರೆ.

ಬಯಲುಸೀಮೆ ಬೇಸಾಯಗಾರ, ಚಿಂತಾಮಣಿ

ಅತ್ತೆಯವರ ವಿಧಾನದಲ್ಲೂ ಬೀಜ ಮೊಳೆಯುತ್ತದೆ, ಅದು ಇಷ್ಟು ವರ್ಷ ಉಳಿದುಬಂದದ್ದೇ ಅದಕ್ಕೆ ಸಾಕ್ಷಿ. ಆದರೂ ಹುಳಿ ಬರಿಸುವುದು ಉತ್ತಮ. ಬೀಜದ ಸುತ್ತಲಿನ ಲೋಳೆಯಲ್ಲಿ ಮೊಳಕೆಯನ್ನು ತಡೆಯುವ ಅಂಶವಿರುತ್ತದೆ. ಹುಳಿ ಬಂದಾಗ ಆ ಲೋಳೆ ಕರಗುವುದರ ಜೊತೆಗೆ ಬೀಜದ ಮೇಲ್ಮೈಯಲ್ಲಿರುವ ಕೆಲವು ರೋಗಾಣುಗಳೂ ತೊಲಗುತ್ತವೆ. ವೈರಸ್‌ಗಳು ಮಾತ್ರ ಇದರಿಂದ ಹೋಗುತ್ತವೆಂದು ನಂಬಬಾರದು. ಅದಕ್ಕೇ ರೋಗವಿಲ್ಲದ ಗಿಡದಿಂದಲೇ ಬೀಜ ತೆಗೆಯಬೇಕು.

ದಾರ ಕಟ್ಟಿದ ಗೊಂಚಲಿನ ಹಣ್ಣು ಗಿಡದಲ್ಲೇ ಪೂರ್ತಿ ಮಾಗಲಿ. ಅಡ್ಡಲಾಗಿ ಕೊಯ್ದು ಬೀಜವನ್ನು ರಸಸಮೇತ ಗಾಜಿನ ಅಥವಾ ಸ್ಟೀಲಿನ ಪಾತ್ರೆಗೆ ಹಿಂಡಿ, ಬಟ್ಟೆ ಮುಚ್ಚಿ ನೆರಳಿನಲ್ಲಿಡಿ. ನಮ್ಮ ಹವೆಗೆ ಎರಡು ದಿನ, ಚಳಿ ಹೆಚ್ಚಿದ್ದರೆ ಮೂರು ದಿನ ಸಾಕು. ಮೇಲೆ ಬಿಳಿಯ ಕೆನೆ ಕಟ್ಟಿ ಹುಳಿವಾಸನೆ ಬರುವಾಗ ನೀರು ಹೊಯ್ದು ಕಲಕಿ. ಜೊಳ್ಳು ಮತ್ತು ತಿರುಳು ತೇಲುತ್ತವೆ, ಗಟ್ಟಿ ಬೀಜ ತಳದಲ್ಲಿ ನಿಲ್ಲುತ್ತದೆ. ಅದಕ್ಕಿಂತ ಹೆಚ್ಚು ದಿನ ಬಿಟ್ಟರೆ ಬೀಜ ಪಾತ್ರೆಯಲ್ಲೇ ಮೊಳೆಯಲು ತೊಡಗುತ್ತದೆ. ಜರಡಿಯಲ್ಲಿ ತೊಳೆದು ಪಿಂಗಾಣಿ ತಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ, ಬಿಸಿಲಿಗಿಡದೆ ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ. ಕಾಗದದ ಮೇಲೆ ಹಾಕಿದರೆ ಅಂಟಿಕೊಂಡು ಬಿಡಿಸಲು ಬರುವುದಿಲ್ಲ. ಬೀಜ ಬಾಗದೆ ಪಟ್ಟನೆ ಮುರಿಯುವಷ್ಟು ಒಣಗಿದ ಮೇಲೆ ಕಾಗದದ ಪೊಟ್ಟಣದಲ್ಲಿ ಹಾಕಿ, ವರ್ಷ, ತಿಂಗಳು, ಯಾವ ಗಿಡದ್ದು ಎಂಬುದನ್ನು ಬರೆದು ಶೀಶೆಯಲ್ಲಿಡಿ. ಪ್ರತಿ ಗಿಡದ ಬೀಜ ಬೇರೆ ಬೇರೆ ಪೊಟ್ಟಣದಲ್ಲಿದ್ದರೆ ಮುಂದಿನ ವರ್ಷ ಯಾವುದಾದರೂ ಹಾದಿ ತಪ್ಪಿದಾಗ ಅದೊಂದನ್ನೇ ಕೈಬಿಡಬಹುದು. ಒಂದು ಪೊಟ್ಟಣವನ್ನು ನಿಮ್ಮ ಮನೆಯಲ್ಲಿಡದೆ ಬೆಳೆಯುವ ಆಸಕ್ತಿಯಿರುವ ಬೇರೊಬ್ಬರಿಗೆ ಕೊಡಿ, ಸಾಧ್ಯವಾದರೆ ಬೇರೆ ಊರಿನವರಿಗೆ.